ತಾಮ್ರದ ತಂತಿಯಿಂದ ಗಾಜಿನ ಎಳೆಯವರೆಗೆ: ಗಡಿನಾಡಿನ ಮನೆಗೆ ಇಂಟರ್‌ನೆಟ್ ಬಂದ ದಾರಿ

ಇಂಟರ್‌ನೆಟ್ ಕಂಪೆನಿಗಳ ಜಾಹೀರಾತುಗಳಲ್ಲಿ 30, 100, 200 ಎಂಬ ಅಂಕಿಗಳು ದಪ್ಪ ಅಕ್ಷರದಲ್ಲಿರುತ್ತವೆ. ಅಂಕಿ ದೊಡ್ಡದಿದ್ದರೆ ಸಂಪರ್ಕವೂ ಒಳ್ಳೆಯದೆಂದು ನಂಬಿ ಹಾಕಿಸಿಕೊಳ್ಳುವವರೇ ಹೆಚ್ಚು. ಆದರೆ ಕಳೆದ ಮೂವತ್ತು ವರ್ಷಗಳ ಚರಿತ್ರೆ ಹೇಳುವುದೇ ಬೇರೆ. ವೇಗ ಎಷ್ಟು ಎಂಬುದಕ್ಕಿಂತ, ಆ ವೇಗ ಯಾರ ಮನೆಯವರೆಗೆ ಬಂತು, ಬಂದದ್ದು ನಿಂತಿತೇ ಎಂಬುದೇ ಮುಖ್ಯ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಮಾತು 2020ರಲ್ಲಿ ಚೆನ್ನಾಗಿಯೇ ಮನದಟ್ಟಾಯಿತು.

ಮೊದಲು ಒಂದು ಸಣ್ಣ ಲೆಕ್ಕ. ನಾವು ಇಳಿಸಿಕೊಳ್ಳುವ ಕಡತಗಳನ್ನು ಬೈಟ್‌ಗಳಲ್ಲಿ ಅಳೆಯುತ್ತೇವೆ, ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 8 ಎಂಬಿ ಅಲ್ಲ, 1 ಎಂಬಿ ಮಾತ್ರ. 4 ಎಂಬಿಯ ಒಂದು ಕನ್ನಡ ಪಠ್ಯಪುಸ್ತಕದ ಪಿಡಿಎಫ್ ಇದೆ ಎಂದು ಇಟ್ಟುಕೊಳ್ಳೋಣ. ಇದೇ ನಮ್ಮ ಅಳತೆಗೋಲು.

ಡಯಲ್‌ಅಪ್ ಕಾಲ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಇದನ್ನು ಮಹಾನಗರಗಳಲ್ಲಿ ಆರಂಭಿಸಿತು. ಮುಂದೆ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಬಂದ ಮೇಲೆ ಚಿಕ್ಕ ಊರಿನ ಟೆಲಿಫೋನ್ ಇರುವ ಮನೆಗಳಿಗೂ ಅವಕಾಶ ಸಿಕ್ಕಿತು. ಮೋಡೆಮ್ ಕೀಚಲು ದನಿಯಲ್ಲಿ ಕೂಗಿ ಸಂಪರ್ಕ ಪಡೆಯುವವರೆಗೆ ಕಾಯಬೇಕು. ನೆಟ್ ಉಪಯೋಗಿಸುವಾಗ ಫೋನ್ ಬರುವಂತಿಲ್ಲ. ಇಂಟರ್‌ನೆಟ್ ಗಂಟೆಯ ಲೆಕ್ಕ ಒಂದು ಕಡೆ, ಫೋನ್ ಬಿಲ್ಲು ಇನ್ನೊಂದು ಕಡೆ!

ಆಗಿನ ಗರಿಷ್ಠ ವೇಗ 56 ಕೆಬಿಪಿಎಸ್, ಕೈಗೆ ಸಿಗುತ್ತಿದ್ದುದು ಅದಕ್ಕಿಂತ ಕಡಿಮೆ. ಪೂರ್ತಿ 56 ಸಿಕ್ಕಿದರೂ ನಮ್ಮ ಪಠ್ಯಪುಸ್ತಕ ಇಳಿಯಲು ಒಂಬತ್ತೂವರೆ ನಿಮಿಷ ಬೇಕು. ನಡುವೆ ಲೈನ್ ಕಡಿದರೆ ಹೆಚ್ಚಾಗಿ ಮೊದಲಿನಿಂದಲೇ ಶುರು.

ಮನೆಯಲ್ಲಿ ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ ಎಂಬವರ ಪಾಡೇನು? ಕೇರಳ ಸರಕಾರ ಇದಕ್ಕೆ ಹುಡುಕಿದ ಉತ್ತರ ಅಕ್ಷಯ ಕೇಂದ್ರ. ಮೊದಲು ಮಲಪ್ಪುರಂ ಜಿಲ್ಲೆಯಲ್ಲಿ ಜಾರಿಗೆ ಬಂದ ಈ ಯೋಜನೆಯನ್ನು 2002ರ ನವೆಂಬರಿನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಉದ್ಘಾಟಿಸಿದರು. ನಂತರ ಅದು ಬೇರೆ ಜಿಲ್ಲೆಗಳಿಗೂ ಹಬ್ಬಿತು. ಮನೆಗೆ ನೆಟ್ ಬಾರದಿದ್ದರೆ ಮನೆಯಿಂದ ನಡೆದು ಹೋಗುವಷ್ಟು ದೂರಕ್ಕಾದರೂ ಬರಲಿ ಎಂಬುದು ಅದರ ಹಿಂದಿನ ಯೋಚನೆ.

ಬ್ರಾಡ್‌ಬ್ಯಾಂಡ್ ಎಂಬ ಹೆಸರು

ಬ್ರಾಡ್‌ಬ್ಯಾಂಡ್ ಅಂದರೇನು ಎಂದು ಕೇಂದ್ರ ಸರಕಾರ ನಿಗದಿಪಡಿಸಿದ್ದು 2004ರ ನೀತಿಯಲ್ಲಿ. ಸದಾ ಚಾಲೂ ಇರಬೇಕು, ಕನಿಷ್ಠ 256 ಕೆಬಿಪಿಎಸ್ ವೇಗ ಇರಬೇಕು. ಈ ಕನಿಷ್ಠ ಮಿತಿ 2013ರಲ್ಲಿ 512 ಕೆಬಿಪಿಎಸ್, 2023ರಲ್ಲಿ 2 ಎಂಬಿಪಿಎಸ್ ಆಯಿತು. ಹೆಸರು ಒಂದೇ, ಅರ್ಥ ಮಾತ್ರ ಬೆಳೆಯುತ್ತಾ ಹೋಯಿತು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡಾಟಾವನ್ ಬಂತು. ಫೋನಿನ ಅದೇ ತಾಮ್ರದ ತಂತಿಯಲ್ಲಿ ಮಾತು ಮತ್ತು ನೆಟ್ ಎರಡೂ ಒಟ್ಟಿಗೆ ಹರಿಯತೊಡಗಿದವು. ಈ ತಂತ್ರಜ್ಞಾನದ ಹೆಸರು ಎಡಿಎಸ್‌ಎಲ್. 256 ಕೆಬಿಪಿಎಸ್‌ನಲ್ಲಿ ನಮ್ಮ ಪುಸ್ತಕಕ್ಕೆ ಎರಡು ನಿಮಿಷ ಸಾಕು. 2007ರ ಜನವರಿಯಿಂದ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿದಾಗ ಅದು 16 ಸೆಕೆಂಡಿಗೆ ಇಳಿಯಿತು.

ಆದರೆ ಆ ದಿನಗಳಲ್ಲಿ ವೇಗಕ್ಕಿಂತ ಹೆಚ್ಚು ಕಾಡಿದ್ದು ಮಿತಿ. 500 ರೂಪಾಯಿಯ ಯೋಜನೆಯಲ್ಲಿ ತಿಂಗಳಿಗೆ 1 ಜಿಬಿ ಎಂದಿದ್ದರೆ, 256 ಕೆಬಿಪಿಎಸ್‌ನಲ್ಲಿ ಬಿಡದೆ ಇಳಿಸಿದಾಗ ಸುಮಾರು ಒಂಬತ್ತು ಗಂಟೆಗಳಲ್ಲಿ ಇಡೀ ತಿಂಗಳಿನ ಪಾಲು ಮುಗಿಯುತ್ತಿತ್ತು! ಮೇಲೆ ಬಳಸಿದ್ದಕ್ಕೆ ಎಂಬಿ ಲೆಕ್ಕದಲ್ಲಿ ದುಡ್ಡು. ಮುಂದೆ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಿತಿಯಿಲ್ಲ ಎಂದಾದಾಗ, ನಿದ್ದೆಗೆಟ್ಟು ಅಲಾರಾಂ ಇಟ್ಟು ಡೌನ್‌ಲೋಡ್ ಮಾಡಿದವರು ಎಷ್ಟೋ ಮಂದಿ.

ಎಡಿಎಸ್‌ಎಲ್‌ಗೆ ಇನ್ನೂ ಎರಡು ತೊಂದರೆಗಳಿದ್ದವು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತದೆ, ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಪರ್ಕವೇ ಕಷ್ಟ. ಗುಡ್ಡದಾಚೆಯ ಅಡಿಕೆ ತೋಟದೊಳಗೆ ಒಂಟಿ ಮನೆಗಳಿರುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಎರಡನೆಯದು ಸಿಡಿಲು. ತಾಮ್ರದ ತಂತಿಯಲ್ಲಿ ಸಿಡಿಲಿನ ವಿದ್ಯುತ್ತೂ ಹರಿದು ಬರುತ್ತದೆ. ಮೋಡ ಕಟ್ಟಿದ ಕೂಡಲೇ ಓಡಿಹೋಗಿ ವಯರ್ ಕೀಳದಿದ್ದರೆ ಮೋಡೆಮ್ ಸುಟ್ಟಿತೆಂದೇ ಲೆಕ್ಕ.

ಟವರಿನ ದಾರಿ

ತಂತಿ ಬಾರದ ಮನೆಗಳಿಗೆ ಮೊಬೈಲ್ ದಾರಿಯಾಯಿತು. 3ಜಿ ಸೇವೆ ದೇಶದಲ್ಲಿ 2008ರ ಕೊನೆಯಿಂದ, 4ಜಿ 2012ರಿಂದ ಆರಂಭವಾದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡಾಟಾದ ದರ ಎಲ್ಲೆಡೆ ಕುಸಿಯಿತು. 5ಜಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು.

ಟವರಿನ ಗುಣವೂ ದೋಷವೂ ಒಂದೇ: ಅದು ಎಲ್ಲರದ್ದು. ಹತ್ತಿರದ ಎಲ್ಲ ಫೋನುಗಳೂ ಅದರ ವೇಗವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ನಡುರಾತ್ರಿ ಓಡುವ ನೆಟ್ ಸಂಜೆ ಏಳಕ್ಕೆ ತೆವಳುತ್ತದೆ. ಗುಡ್ಡ ಅಡ್ಡ ಬಂದರೆ ಸಿಗ್ನಲ್ ಇಲ್ಲ. ಗಡಿಯಲ್ಲಂತೂ ಫೋನಿಗೆ ಕೇರಳದ ಟವರ್ ಯಾವುದು, ಕರ್ನಾಟಕದ ಟವರ್ ಯಾವುದು ಎಂಬ ಗೊಂದಲ ಬೇರೆ.

2020ರ ಪರೀಕ್ಷೆ

ಕೇರಳದಲ್ಲಿ ಇಂಟರ್‌ನೆಟ್ ನಾಗರಿಕರ ಹಕ್ಕು ಎಂಬ ಮಾತು 2017ರ ರಾಜ್ಯ ಬಜೆಟಿನಲ್ಲೇ ಬಂದಿತ್ತು. 2019ರ ಸೆಪ್ಟೆಂಬರಿನಲ್ಲಿ, ಕಾಲೇಜು ಹಾಸ್ಟೆಲೊಂದರ ಮೊಬೈಲ್ ನಿರ್ಬಂಧದ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟು ಹೇಳಿತು. ಒಂದು ವರ್ಷ ಕಳೆಯುವುದರೊಳಗೆ ಕೊರೋನಾ ಬಂತು, ಶಾಲೆಗಳಿಗೆ ಬೀಗ ಬಿತ್ತು.

2020ರ ಜೂನ್ 1ರಂದು ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಮಲಯಾಳ ಮಾಧ್ಯಮದ ಮಕ್ಕಳಿಗೆ ಪಾಠ ವಿಕ್ಟರ್ಸ್ ಚಾನೆಲಿನಲ್ಲಿ ಬಂತು. ಟಿವಿ ಒಂದಿದ್ದರೆ ಸಾಕು, ನೆಟ್ ಬೇಕೆಂದಿಲ್ಲ. ಕನ್ನಡ ಮಾಧ್ಯಮದ ಪಾಠಗಳನ್ನು ಬೇರೆಯೇ ತಯಾರಿಸಿ ಮುಖ್ಯವಾಗಿ ಯೂಟ್ಯೂಬ್ ಮೂಲಕ ಕೊಡಲಾಯಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪಕ್ಕಪಕ್ಕದ ಎರಡು ಮನೆ, ಒಂದೇ ತರಗತಿಯ ಇಬ್ಬರು ಮಕ್ಕಳು. ಒಬ್ಬನಿಗೆ ಟಿವಿ ಸಾಕು, ಇನ್ನೊಬ್ಬನಿಗೆ ಡಾಟಾ ಬೇಕು. ಮಾತೃಭಾಷೆಯಲ್ಲಿ ಕಲಿಯಲು ಹೊರಟ ಮಗುವಿಗೆ ಇಂಟರ್‌ನೆಟ್ ಖರ್ಚು ಮೇಲೆ ಬಿತ್ತು. ಮನೆಯಲ್ಲಿ ಮೂವರು ಮಕ್ಕಳು, ಅಪ್ಪನ ಕೈಯಲ್ಲಿ ಒಂದೇ ಫೋನು ಎಂದಿದ್ದಲ್ಲಿ ಜಾಹೀರಾತಿನ ಯಾವ ಅಂಕಿಯೂ ಉಪಯೋಗಕ್ಕೆ ಬರಲಿಲ್ಲ.

ಗಾಜಿನ ಎಳೆ

ಈಗಿನದು ಫೈಬರ್ ಕಾಲ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯಲ್ಲಿ ಮಾಹಿತಿ ಬೆಳಕಾಗಿ ಹರಿಯುತ್ತದೆ. ಎಕ್ಸ್‌ಚೇಂಜಿನಿಂದ ಹತ್ತಾರು ಕಿಲೋಮೀಟರ್ ದೂರದಲ್ಲೂ ವೇಗ ಕುಗ್ಗುವುದಿಲ್ಲ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಸಿಡಿಲಿನ ಭಯವೂ ಕಡಿಮೆ, ಕರೆಂಟಿನ ಪ್ಲಗ್ ಮಾತ್ರ ತೆಗೆದಿಡಬೇಕು. ಪಂಚಾಯತುಗಳಿಗೆ ಫೈಬರ್ ತಲುಪಿಸುವ ಕೇಂದ್ರದ ಯೋಜನೆ 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಕೇರಳದ್ದೇ ಆದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಇದರ ಕೇಬಲುಗಳು ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಸಾಗುತ್ತವೆ. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಅದರ ಗುರಿ. ಮೊದಲ ಹಂತಕ್ಕೆ ಆರಿಸಿಕೊಂಡದ್ದು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14,000 ಕುಟುಂಬಗಳನ್ನು. ಗುರಿಗೂ ಮೊದಲ ಹೆಜ್ಜೆಗೂ ಇರುವ ಅಂತರ ನೋಡಿ!

ಆಯ್ಕೆ ಮಾಡುವಾಗ

20 ಎಂಬಿಪಿಎಸ್ ಫೈಬರಿನಲ್ಲಿ ನಮ್ಮ ಪಠ್ಯಪುಸ್ತಕ ಎರಡು ಸೆಕೆಂಡಿನೊಳಗೆ ಇಳಿಯುತ್ತದೆ. ಸಾಮಾನ್ಯ ವಿಡಿಯೋ ಪಾಠಕ್ಕೆ ಒಂದೆರಡು ಎಂಬಿಪಿಎಸ್ ಸಾಕು. ಅಂದರೆ ಮೂರು ನಾಲ್ಕು ಮಕ್ಕಳಿರುವ ಮನೆಗೂ 20 ಧಾರಾಳ. ಹಾಗಾಗಿ 100, 200ಕ್ಕೆ ಮರುಳಾಗುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಮನೆಯೊಳಗೆ ಬರುವುದು ಫೈಬರೋ, ತಾಮ್ರವೋ, ಗಾಳಿಯೋ? ಅಪ್‌ಲೋಡ್ ವೇಗ ಎಷ್ಟು? ತಿಂಗಳ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ಹಳೆಯ ಟೆಲಿಫೋನು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ನಡೆಯುತ್ತಿತ್ತು, ಫೈಬರಿನ ಮೋಡೆಮಿಗೆ ಮನೆಯ ಕರೆಂಟೇ ಬೇಕು ಎಂಬುದೂ ನೆನಪಿರಲಿ. ಮುರಕಲ್ಲಿನ ದಪ್ಪ ಗೋಡೆ ವೈಫೈಯನ್ನು ತಡೆಯುವುದರಿಂದ ರೂಟರನ್ನು ಮಕ್ಕಳು ಓದುವ ಕೋಣೆಯ ಹತ್ತಿರವೇ ಇರಿಸಿ.

ನೆಟ್ ಹಾಕಿಸಿಕೊಳ್ಳಲು ಆಗದ ಮನೆ ನಿಮ್ಮ ನೆರೆಯಲ್ಲಿದ್ದರೆ, ಆ ಮನೆಯ ಮಗುವನ್ನು ಸಂಜೆ ಅರ್ಧ ಗಂಟೆ ನಿಮ್ಮ ಜಗಲಿಗೆ ಕರೆಯಿರಿ. ಕನ್ನಡದ ಪುಸ್ತಕದಂಗಡಿ, ಕನ್ನಡದ ಟ್ಯೂಷನ್ ಎರಡೂ ದೂರವಾದ ಊರಿನಲ್ಲಿ ಆ ಅರ್ಧ ಗಂಟೆಗೆ ಬೆಲೆ ಕಟ್ಟಲಾಗದು.