ಕೇಳಿದವರ ತೀರ್ಪು

ಕೆಲವು ವರ್ಷಗಳ ಹಿಂದೆ ಒಂದು ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಹಳ್ಳಿಯ ಬಾಳು ಲೇಸೋ, ಪಟ್ಟಣದ ಬಾಳು ಲೇಸೋ ಎಂಬ ಹಳೆಯ ವಿಷಯವೇ. ಪಟ್ಟಣದ ಪಕ್ಷದ ಹುಡುಗ, "ನಡುರಾತ್ರಿ ಕಾಯಿಲೆಯಾದರೆ ನಿಮ್ಮ ಹಳ್ಳಿಯಲ್ಲಿ ಡಾಕ್ಟರು ಎಲ್ಲಿ?" ಎಂದು ಕೇಳಿದ. ಹಳ್ಳಿಯ ಪಕ್ಷದವನು ಅದಕ್ಕೆ ಉತ್ತರ ಕೊಡದೆ ಹೊಂಗೆಯ ನೆರಳು, ಕೆರೆಯ ಏರಿ, ಹಸುವಿನ ಕೊರಳ ಗಂಟೆ ಎಂದು ಕಂಚಿನ ಕಂಠದಲ್ಲಿ ವರ್ಣಿಸಿದ. ಪಟ್ಟಣದವನೂ ತನ್ನ ಪ್ರಶ್ನೆಯನ್ನು ಮರೆತು ಕುಳಿತ. ಚಪ್ಪಾಳೆಯೋ ಚಪ್ಪಾಳೆ! ನಾನೂ ಮರುಳಾಗಿ ಹಳ್ಳಿಯವನಿಗೇ ಮೊದಲ ಬಹುಮಾನ ಬರೆದೆ. ಕಾಫಿಗೆಂದು ಏಳುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಬಂದು, "ಸಾರ್, ಅವನು ಡಾಕ್ಟರ ಮಾತಿಗೆ ಉತ್ತರ ಹೇಳಲೇ ಇಲ್ಲವಲ್ಲ?" ಎಂದಳು. ನಕ್ಕು ತೇಲಿಸಿಬಿಟ್ಟೆ. ಆದರೆ ಆ ಪ್ರಶ್ನೆ ಮನೆಯವರೆಗೂ ನನ್ನ ಬೆನ್ನು ಬಿಡಲಿಲ್ಲ.

ನಮ್ಮ ಹಿರಿಯರು ಇದನ್ನು ಎಂದೋ ಯೋಚಿಸಿದ್ದರು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ನಿಜವನ್ನು ತಿಳಿಯಲು ಆಡುವುದು ವಾದ. ಗೆಲ್ಲಲು ಆಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡವುವುದಷ್ಟೇ ವಿತಂಡ. ಈ ಕೊನೆಯ ಮಾತನ್ನು ನಾವು ಇಂದಿಗೂ ಬಯ್ಯಲು ಬಳಸುತ್ತೇವೆ. ಮಾತನ್ನು ತಿರುಚುವುದಕ್ಕೆ ಛಲವೆಂದು ಹೆಸರು. 'ನವಕಂಬಳ' ಎಂದರೆ ಹೊಸ ಕಂಬಳಿ ಹೊದ್ದವನು. "ಒಂಬತ್ತು ಕಂಬಳಿ ಎಲ್ಲಿವೆ, ಇರುವುದು ಒಂದೇ" ಎಂದು ವಾದಕ್ಕಿಳಿದರೆ ಅದು ಛಲ. ಇನ್ನು ಸೋಲಿನ ತಾಣಗಳು, ಅಂದರೆ ನಿಗ್ರಹಸ್ಥಾನಗಳು, 22. ವಿಷಯ ಬಿಟ್ಟು ಬೇರೆಯದನ್ನು ಆಡುವುದು ಅರ್ಥಾಂತರ. ನಮ್ಮ ಹುಡುಗನ ಹೊಂಗೆಯ ನೆರಳು ಇದೇ. ಎದುರಾಳಿಯ ತಪ್ಪನ್ನು ಎತ್ತಿ ತೋರಿಸದೆ ಬಿಡುವುದೂ ಒಂದು ಸೋಲು. ಅದರ ಹೆಸರು ಪರ್ಯನುಯೋಜ್ಯೋಪೇಕ್ಷಣ. ಹೆಸರು ನಾಲಗೆಗೆ ಕಷ್ಟ, ಅರ್ಥ ಮಾತ್ರ ಸುಲಭ.

ಆದರೆ ಈ ಕೊನೆಯ ಸೋಲನ್ನು ಹೇಳುವವರು ಯಾರು? ತಪ್ಪಿದವನು ಹೇಳಲಾರ, ಗಮನಿಸದವನು ಹೇಳುವುದೆಂತು? ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ) ಇದಕ್ಕೆ ಉತ್ತರ ಕೊಡುತ್ತಾನೆ: ಸೋತವರಾರೆಂದು ಕೇಳಿದಾಗ ಸಭೆಯೇ ಹೇಳಬೇಕು; ಯಾರಾದರೂ ತಮ್ಮ ಕೌಪೀನವನ್ನು ತಾವೇ ಬಿಚ್ಚಿ ತೋರಿಸುತ್ತಾರೆಯೆ? ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಅಂದು ಸಭೆಯ ಕೆಲಸವನ್ನು ಮಾಡಿದ್ದು ಆ ಹುಡುಗಿ, ತೀರ್ಪುಗಾರನಾದ ನಾನಲ್ಲ.

ಚರಕಸಂಹಿತೆಯ ವಿಮಾನಸ್ಥಾನವೂ ವೈದ್ಯರ ಚರ್ಚೆಯ ಬಗೆಗೆ ಹೇಳುತ್ತದೆ. ಸ್ನೇಹದ ಸಂಭಾಷೆ ಒಂದು, ಜಗಳದ ಸಂಭಾಷೆ ಇನ್ನೊಂದು. ಸ್ನೇಹದ ಚರ್ಚೆಯಲ್ಲಿ ಸೋಲುವೆನೆಂದು ಅಂಜಬೇಕಾಗಿಲ್ಲ, ಗೆದ್ದೆನೆಂದು ಬೀಗಬಾರದು. ಅಲ್ಲದೆ ಸಭೆ ಬಲ್ಲವರದೋ ಮೂಢರದೋ, ನಮ್ಮತ್ತ ಒಲಿದಿದೆಯೋ ಮುನಿದಿದೆಯೋ, ಎರಡೂ ಇಲ್ಲದೆ ಕುಳಿತಿದೆಯೋ ಎಂದು ಮೊದಲೇ ಅಳೆದು ನೋಡಬೇಕು.

ನಮ್ಮ ನಾಡೂ ವಾದಕ್ಕೆ ಹೆಸರಾದದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ, ಸಮಂತಭದ್ರ, ಅಕಲಂಕ, ವಾದಿರಾಜರೇ ಮೊದಲಾದ ಆಚಾರ್ಯರ ವಾದವಿಜಯಗಳನ್ನು ಕೊಂಡಾಡುತ್ತದೆ. ಆದರೆ ಕಲ್ಲಿನ ಮೇಲೆ ಉಳಿಯುವುದು ಗೆದ್ದವರ ಕಡೆಯ ಮಾತು. ಸಭೆಯಲ್ಲಿ ಕುಳಿತು ಕೇಳಿದವನಿಗೆ ಏನನ್ನಿಸಿತೆಂಬುದನ್ನು ಯಾರು ಕೆತ್ತಿಸುತ್ತಾರೆ? ಶಂಕರ-ಮಂಡನರ ವಾದದ ಕಥೆ ನಮಗೆ ಅಷ್ಟು ಪ್ರಿಯವಾಗಲು ಇದೂ ಕಾರಣವಿರಬಹುದು. ಅಲ್ಲಿ ತೀರ್ಪುಗಾರ್ತಿ ಉಭಯಭಾರತಿ. ಸೋತದ್ದು ಆಕೆಯ ಗಂಡ.

ಈಗ ತಿಂಗಳಿಗೊಮ್ಮೆ ಶನಿವಾರ ನಮ್ಮ ಮನೆಯ ಬಳಿಯ ಶಾಲೆಯೊಂದಕ್ಕೆ ಹೋಗುತ್ತೇನೆ. ಅಲ್ಲಿ ಬಹುಮಾನವಿಲ್ಲ. ಕೇಳುವ ಮಕ್ಕಳಿಗೆಲ್ಲ ಅರ್ಧ ಹಾಳೆ ಕೊಡುತ್ತೇವೆ. ಉತ್ತರವಿಲ್ಲದೆ ಉಳಿದ ಪ್ರಶ್ನೆ ಯಾವುದು? ವಿಷಯ ಬಿಟ್ಟು ಹೋದವರು ಯಾರು? ನಿನ್ನ ಅಭಿಪ್ರಾಯ ಬದಲಾಯಿತೆ? ಯಾವ ಮಾತಿನಿಂದ? ಮಾತನಾಡಿದವರೂ ಬರೆಯಬೇಕು: ಎದುರಾಳಿಯ ಮಾತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು?

ಮೊದಮೊದಲು ಎಲ್ಲರೂ ತಂತಮ್ಮ ಗೆಳೆಯರನ್ನೇ ಗೆಲ್ಲಿಸಿದರು; ಚರಕ ಹೇಳಿದ ಒಲಿದ ಸಭೆ! ಮೂರನೆಯ ತಿಂಗಳು ಒಬ್ಬ ಹುಡುಗ ಬರೆದಿದ್ದ: "ನನ್ನ ಗೆಳೆಯ ಚೆನ್ನಾಗಿ ಮಾತನಾಡಿದ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ." ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನಾಳೆ ಓಟು ಹಾಕುವ ಮಕ್ಕಳು ಇವರು. ಇವರಲ್ಲಿ ವೇದಿಕೆ ಹತ್ತುವವರು ಕೆಲವರು. ಕೆಳಗೆ ಕುಳಿತು ಕೇಳಬೇಕಾದವರು ಎಲ್ಲರೂ.

ನಾನು ಕೊಟ್ಟ ಬಹುಮಾನವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಪ್ರತಿ ಸಲ ಹಾಳೆ ಹಂಚುವ ಮೊದಲು ಆ ಹುಡುಗಿಯ ಪ್ರಶ್ನೆಯನ್ನೂ ನನ್ನ ತಪ್ಪನ್ನೂ ಮಕ್ಕಳಿಗೆ ಹೇಳುತ್ತೇನೆ.