ದನಿ ಮಡಚುವ ವಿದ್ಯೆ

ಗಲ್ಫಿಗೆ ಹೋದವರ ಮನೆಗಳಲ್ಲಿ ಒಂದು ಕಾಲಕ್ಕೆ ಕ್ಯಾಸೆಟ್ಟೇ ಪತ್ರವಾಗಿತ್ತು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಅಂಗೈಯಗಲದ ಆ ಡಬ್ಬಿಯಿಂದಾಗಿ ಅಕ್ಷರ ಬಾರದ ತಾಯಿಯೂ ಮಗನಿಗೆ ಮನಸ್ಸು ಬಿಚ್ಚಿ ಹೇಳಬಹುದಾಗಿತ್ತು. ಹೋಗಿಬರುವವರ ಕೈಯಲ್ಲಿ ದಸ್ತಿಯಾಗಿ ಸಾಗುತ್ತಿದ್ದ ಕ್ಯಾಸೆಟ್ಟನ್ನು ದುಬೈಯ ಯಾವ ಟೇಪ್‌ರೆಕಾರ್ಡರಿಗೆ ಹಾಕಿದರೂ ಅದು ಮಾತಾಡುತ್ತಿತ್ತು. ಆಮೇಲೆ ಬಂದ ಮೊಬೈಲಿಗೆ ಈ ಗುಣ ಇರಲಿಲ್ಲ. ಒಂದು ಹ್ಯಾಂಡ್‌ಸೆಟ್ಟಿನಲ್ಲಿ ಹಿಡಿದಿಟ್ಟ ದನಿ ಮತ್ತೊಂದರಲ್ಲಿ, ಕೆಲವೊಮ್ಮೆ ಕಂಪ್ಯೂಟರಿನಲ್ಲೂ, ಮೂಕವಾಗುತ್ತಿತ್ತು. ಫೈಲು ಕೆಟ್ಟಿದೆ ಎಂದುಕೊಂಡು ಅಳಿಸಿ ಹಾಕಿದವರಿದ್ದಾರೆ. ಅದು ಕೆಟ್ಟಿರಲಿಲ್ಲ.

ಈ ಕಥೆಗೆ ಬೆಂಗಳೂರಿನ ನಂಟೊಂದಿದೆ. ಕಾನ್ಪುರದಲ್ಲಿ 1933ರಲ್ಲಿ ಹುಟ್ಟಿದ ಬಿಷ್ಣು ಅಟಲ್, ಲಕ್ನೋದಲ್ಲಿ ಭೌತಶಾಸ್ತ್ರ ಓದಿ, 1955ರಲ್ಲಿ ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿಪ್ಲೊಮಾ ಪಡೆದರು. 1957ರಿಂದ 1960ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರ ಕಲಿಸಿದರು. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರಿ ಸೇರಿದರು. ಜಗತ್ತಿನ ಕೋಟ್ಯಂತರ ಮೊಬೈಲುಗಳ ಮಾತಿನ ಹಿಂದೆ ಇವರ ಕೆಲಸವಿದೆ. ಆದರೂ ನಮ್ಮ ಮಕ್ಕಳಿಗೆ ಇವರ ಹೆಸರು ಗೊತ್ತಿಲ್ಲ.

ಅವರು ಹಿಡಿದ ದಾರಿ ಸರಳವಾದದ್ದು. ನಾವು ಮಾತಾಡುವಾಗ ಬಾಯಿ, ನಾಲಿಗೆ, ಗಂಟಲಿನ ಆಕಾರ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಈಗಷ್ಟೇ ಕೇಳಿದ ದನಿಯಿಂದ ಮುಂದಿನದನ್ನು ಬಹುಮಟ್ಟಿಗೆ ಊಹಿಸಬಹುದು. ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸಿದರೆ ಸಾಕು. ಜಪಾನಿನ ಇತಾಕುರಾ ಮತ್ತು ಸೈತೊ ಕೂಡ ಅದೇ 1960ರ ದಶಕದಲ್ಲಿ ಬೇರೆಯಾಗಿಯೇ ಈ ವಿಚಾರಕ್ಕೆ ಬಂದಿದ್ದರು. 1985ರಲ್ಲಿ ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಇನ್ನೊಂದು ಹೆಜ್ಜೆ ಇಟ್ಟರು. ದನಿಯ ಮಾದರಿಗಳ ಒಂದು ಪುಸ್ತಕ ಕಳಿಸುವವನಲ್ಲೂ ಕೇಳುವವನಲ್ಲೂ ಇರಲಿ. ತಪ್ಪಿದ ಭಾಗಕ್ಕೆ ಬದಲಾಗಿ ಪುಸ್ತಕದಲ್ಲಿ ಅದಕ್ಕೆ ಹತ್ತಿರದ ಮಾದರಿ ಯಾವುದೋ ಅದರ ಸಂಖ್ಯೆಯನ್ನಷ್ಟೇ ಕಳಿಸೋಣ ಎಂಬುದು ಅವರ ಯೋಚನೆ. ಆಗಿನ ಕ್ರೇ ಸೂಪರ್‌ಕಂಪ್ಯೂಟರಿಗೆ ಒಂದು ಸೆಕೆಂಡಿನ ಮಾತನ್ನು ಹೀಗೆ ಮಡಚಲು ಎರಡು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದೇ ಕೆಲಸವನ್ನು ಜೇಬಿನ ಫೋನು ಮಾಡುತ್ತಿತ್ತು.

1999ರಲ್ಲಿ ಮೊಬೈಲ್ ಜಾಲಗಳು ಒಪ್ಪಿಕೊಂಡ ಎಎಂಆರ್ ಈ ಕುಲದ್ದೇ. ಸಾಮಾನ್ಯ ಡಿಜಿಟಲ್ ಟೆಲಿಫೋನಿನ ಮಾತು ಸೆಕೆಂಡಿಗೆ 64 ಸಾವಿರ ಬಿಟ್ ಬೇಡಿದರೆ, ಎಎಂಆರಿಗೆ ಹೆಚ್ಚೆಂದರೆ 12,200 ಸಾಕು. ಇಕ್ಕಟ್ಟಾದರೆ 4,750ರಲ್ಲೂ ಮುಗಿಸುತ್ತದೆ. ಒಂದು ನಿಮಿಷದ ಮಾತಿಗೆ ನೂರು ಕಿಲೋಬೈಟ್ ಕೂಡ ಹಿಡಿಯದು. ಮೆಮೊರಿ ತುಟ್ಟಿಯಾಗಿದ್ದ ಕಾಲದಲ್ಲಿ ಫೋನಿನ ರೆಕಾರ್ಡರುಗಳು ಇದನ್ನೇ ನೆಚ್ಚಿಕೊಂಡವು. ಆದರೆ ಫೈಲಿನಲ್ಲಿ ಇರುವುದು ದನಿಯಲ್ಲ, ದನಿಯನ್ನು ಮತ್ತೆ ಕಟ್ಟುವ ಸೂಚನೆಗಳು. ಅದನ್ನು ಓದಬಲ್ಲ ತಂತ್ರಾಂಶ ಇಲ್ಲದ ಸಾಧನಕ್ಕೆ ಅದು ಬರೀ ಅಂಕೆಗಳ ರಾಶಿ. ಈ ವಿದ್ಯೆಗೆ ಪೇಟೆಂಟ್, ಲೈಸೆನ್ಸುಗಳ ಬೇಲಿಯೂ ಇತ್ತು.

ಮಡಚಿದ್ದಕ್ಕೆ ಬೆಲೆಯೂ ತೆರಬೇಕು. ಟೆಲಿಫೋನ್ ದನಿ 3,400 ಹರ್ಟ್ಸ್ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅರಬಿಯ ಸೀನ್ ಮತ್ತು ಸಾ ಅಕ್ಷರಗಳನ್ನು ಬೇರ್ಪಡಿಸುವ ಉಸಿರಿನ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ತಜ್ವೀದ್ ಕಲಿಸುವ ಉಸ್ತಾದರು ಹಳೆಯ ಫೋನಿನಲ್ಲಿ ಶಿಷ್ಯನ ಓದನ್ನು ಕೇಳಿ ಮಖ್ರಜ್ ತಿದ್ದಲು ಹೊರಟರೆ ಶಿಷ್ಯನಿಗೆ ಅನ್ಯಾಯವಾದೀತು. ಒಂಟಿ ಗಂಟಲನ್ನು ಲೆಕ್ಕವಿಟ್ಟು ಮಾಡಿದ ವಿದ್ಯೆಯಾದ್ದರಿಂದ ಇದರಲ್ಲಿ ಕವ್ವಾಲಿ ಹಿಡಿದರೆ ಹಾರ್ಮೋನಿಯಂ ನೀರಿನೊಳಗಿಂದ ಬಾರಿಸಿದಂತೆ ಕೇಳುತ್ತದೆ.

2012ರಲ್ಲಿ ಬಂದ ಓಪಸ್ ಆ ಬೇಲಿಯನ್ನು ತೆಗೆಯಿತು. ಬಳಸಲು ಯಾರಿಗೂ ಶುಲ್ಕ ಕೊಡಬೇಕಿಲ್ಲ, ಮಾತಿಗೂ ಸಂಗೀತಕ್ಕೂ ಒಗ್ಗುತ್ತದೆ. 2013ರಲ್ಲಿ ಧ್ವನಿಸಂದೇಶ ಆರಂಭಿಸಿದ ವಾಟ್ಸಾಪ್ ಕೂಡ ಮುಂದೆ ಇದನ್ನೇ ಬಳಸಿತು. ಕ್ಯಾಸೆಟ್ಟಿನ ಕೆಲಸವನ್ನು ಈಗ ಅದು ಮಾಡುತ್ತಿದೆ.

ಹಳೆಯ ಎಎಂಆರ್ ಫೈಲುಗಳು ಇನ್ನೂ ಎಷ್ಟೋ ಮನೆಗಳ ಮೆಮೊರಿ ಕಾರ್ಡುಗಳಲ್ಲಿವೆ. ಅವುಗಳಲ್ಲಿ ಕೆಲವು ಮರ್ಹೂಮರ ದನಿಗಳು. ವಿಎಲ್‌ಸಿಯಂಥ ಉಚಿತ ಪ್ಲೇಯರು ಅವನ್ನು ನುಡಿಸುತ್ತದೆ. ಎಂಪಿ3ಗೆ ಬದಲಿಸಿಕೊಂಡರೂ ಮೂಲವನ್ನು ಅಳಿಸಬೇಡಿ. ಬದಲಿಸಿದ ಪ್ರತಿಯನ್ನೇ ಮತ್ತೆ ಬದಲಿಸುತ್ತ ಹೋದರೆ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ. ಹದೀಸಿನ ಸನದಿನಲ್ಲಿ ಮೂಲದವರೆಗೆ ಕೊಂಡಿಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದೆಂದು ಹಿರಿಯರು ಎಣಿಸುತ್ತಿದ್ದರಲ್ಲ, ಇದೂ ಹಾಗೆಯೇ. ಕಾರ್ಡೊಂದನ್ನೇ ನಂಬದೆ ಎರಡು ಕಡೆ ನಕಲು ಇರಲಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಧ್ವನಿಫೈಲಿನ ಹೆಸರು ನೋಡಿ: ಪಿಟಿಟಿ ಎಂಬ ಮೂರಕ್ಷರ, ತಾರೀಖು, ಒಂದು ಕ್ರಮಸಂಖ್ಯೆ. ಮಾತಾಡಿದವರು ಯಾರೆಂಬುದು ಅದರಲ್ಲಿಲ್ಲ. ಆ ದನಿಯನ್ನು ಗುರುತಿಸುವ ಚಿಕ್ಕಮ್ಮನೋ ದೊಡ್ಡಪ್ಪನೋ ಮನೆಯಲ್ಲಿರುವಾಗಲೇ ಕೇಳಿ ಬರೆದಿಡಬೇಕು.