ಕಾಲಿನ ಬೆಲೆ: ನೆತ್ತರುಗೊಡಗೆಯಿಂದ ಕ್ಲೇಮಿನವರೆಗೆ

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಕನಕಾಚಲಪತಿ ಗುಡಿಯ ಕೆತ್ತನೆ ಕಣ್ಣಿಗೆ ಹಬ್ಬ, ಹಂಪಿ ಮಾತ್ರ ನಡೆದು ನಡೆದು ಮುಗಿಯದ ಊರು. ಇತಿಹಾಸದ ಓದುಗನಾದ ನನಗೆ ಈ ಗಾದೆಯ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ. ಆ ಕಾಲೇ ಹೋದರೆ? ಅದಕ್ಕೆ ಬೆಲೆ ಕಟ್ಟುವವರು ಯಾರು, ಯಾವ ಲೆಕ್ಕದಲ್ಲಿ?

ಕನ್ನಡ ಶಾಸನಗಳಿಗೆ ಈ ಪ್ರಶ್ನೆ ಹೊಸದಲ್ಲ. ತುರುಗಾಳಗದಲ್ಲೋ ಯುದ್ಧದಲ್ಲೋ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಹೋದ ಜೀವ ಮರಳದು, ಉಳಿದವರ ಹೊಟ್ಟೆ ಹೊರೆಯಬೇಕು ಎಂಬ ತಿಳಿವಳಿಕೆ ಅಲ್ಲಿದೆ. ಆದರೆ ಅದು ಒಡೆಯನ ಕೃಪೆ. ಅವನು ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವ ಜಾಗವಿರಲಿಲ್ಲ.

ಬೇಡುವುದು ಹಕ್ಕಾಗಿ ಬದಲಾಗಲು ಬಹಳ ಕಾಲ ಹಿಡಿಯಿತು. ಬ್ರಿಟಿಷ್ ಇಂಡಿಯಾದಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆ ಸತ್ತವನ ಕುಟುಂಬಕ್ಕೆ ದಾವೆ ಹೂಡುವ ದಾರಿ ತೆರೆಯಿತು. ಬದುಕುಳಿದ ಗಾಯಾಳು ಸಾಮಾನ್ಯ ಸಿವಿಲ್ ದಾವೆಯನ್ನೇ ನಂಬಬೇಕಿತ್ತು. 1939ರಲ್ಲಿ ಮೋಟಾರು ವಾಹನ ಕಾಯಿದೆ ಬಂತು. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯವೆಂಬ ಅದರ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ಆಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ತಿದ್ದುಪಡಿಯೊಂದು ಅಪಘಾತ ಪರಿಹಾರಕ್ಕೆಂದು ಪ್ರತ್ಯೇಕ ನ್ಯಾಯಮಂಡಳಿಗಳನ್ನು ಹುಟ್ಟುಹಾಕಿತು. 1982ರಲ್ಲಿ ಇನ್ನೊಂದು ಹೆಜ್ಜೆ: ತಪ್ಪು ಯಾರದೆಂದು ಸಾಬೀತಾಗುವ ಮೊದಲೇ ಸಾವಿಗೆ 15,000, ಶಾಶ್ವತ ಅಂಗವಿಕಲತೆಗೆ 7,500 ರೂಪಾಯಿ ಕೊಡಬೇಕೆಂಬ ನಿಯಮ.

ಆಳುಗಳು, ಮೇಸ್ತ್ರಿಗಳು, ಸಂತೆಯ ವ್ಯಾಪಾರಿಗಳು ತುಂಬಿರುವ ನಮ್ಮಂಥ ಕಡೆ ನಿಜವಾದ ಪ್ರಶ್ನೆ ಇಲ್ಲಿಂದ ಮುಂದಿನದು. ಸಂಬಳದ ಚೀಟಿ ಇಲ್ಲದವನ ದುಡಿಮೆಯನ್ನು ಅಳೆಯುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಕರ್ನಾಟಕದ ಪಾಲು ದೊಡ್ಡದು.

ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ 2010ರ ತೀರ್ಪಿನಲ್ಲಿ ಒಂದು ಉದಾಹರಣೆ ಕೊಟ್ಟರು. ಎಡಗೈ ಕಳೆದುಕೊಂಡರೆ ವೈದ್ಯರ ಲೆಕ್ಕದಲ್ಲಿ ಅಂಗವಿಕಲತೆ ಸುಮಾರು ಶೇ. 60. ಆದರೆ ಗಾಯಾಳು ಬಡಗಿಯೋ ಚಾಲಕನೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ. 100. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ನಮ್ಮ ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಕೆತ್ತುವವರನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಕೈ ಒಂದೇ, ಬದುಕು ಬೇರೆ ಬೇರೆ.

2011ರಲ್ಲಿ ಕರ್ನಾಟಕದ ಕೂಲಿಕಾರರೊಬ್ಬರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೂಲಿಯವನಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದು ಎಂದ ನ್ಯಾಯಾಲಯ, ಅವರು ಹೇಳಿದ ತಿಂಗಳ 4,500 ರೂಪಾಯಿಯನ್ನೇ ಒಪ್ಪಿತು. 2014ರಲ್ಲಿ ಬಲಗಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರ ಸರದಿ. ಹೈಕೋರ್ಟು ತಿಂಗಳ ಆದಾಯ 3,500, ದುಡಿಮೆಯ ನಷ್ಟ ಶೇ. 65 ಎಂದಿತ್ತು. ನಮ್ಮವರೇ ಆದ ನ್ಯಾಯಮೂರ್ತಿ ವಿ. ಗೋಪಾಲ ಗೌಡರಿದ್ದ ಪೀಠ ಅದನ್ನು 6,500 ಮತ್ತು ಶೇ. 85ಕ್ಕೆ ಏರಿಸಿ, ಮುಂದಿನ ಆದಾಯದ ಏರಿಕೆಯೆಂದು ಅರ್ಧದಷ್ಟನ್ನು ಸೇರಿಸಿತು. ಅವರ ವಯಸ್ಸಿಗೆ ಗುಣಕ 18. ಕಾಗದ ತೆಗೆದು ನಾನೇ ಗುಣಿಸಿ ನೋಡಿದೆ. ಮೊದಲ ಅಳತೆಯಲ್ಲಿ 4,91,400 ರೂಪಾಯಿ, ಎರಡನೆಯದರಲ್ಲಿ 17,90,100. ಕಾಲು ಅದೇ. ಅದನ್ನು ನೋಡಿದ ರೀತಿ ಬೇರೆ.

ಹಾಗೆ ನೋಡುವಂತೆ ಮಾಡುವುದು ಪುರಾವೆ. ನಮ್ಮ ಊರುಗಳಲ್ಲಿ ಅಪಘಾತವಾದ ಸಂಜೆಯೇ ಯಾರಾದರೂ ಹಿರಿಯರು ಬಂದು, “ಕೇಸು ಯಾಕ, ಕುಂತು ಬಗೆಹರಿಸೋಣು ಬರ್ರಿ” ಅನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಮುರಿದ ಎಲುಬು ಕೂಡಿತೋ ಇಲ್ಲವೋ ತಿಳಿಯುವ ಮೊದಲೇ ಸಿಗುವ ಹತ್ತಿಪ್ಪತ್ತು ಸಾವಿರ ಮತ್ತೆ ಅದೇ ನೆತ್ತರುಗೊಡಗೆ, ಕೊಡುವವನ ಕೃಪೆ. ಠಾಣೆಯಲ್ಲಿ ಎಫ್‌ಐಆರ್, ಸ್ಥಳ ಪಂಚನಾಮೆ, ವಾಹನದ ನಂಬರು ಮತ್ತು ವಿಮೆಯ ವಿವರ, ಮೊದಲ ದಿನವೇ ದವಾಖಾನೆಯಲ್ಲಿ ‘ರಸ್ತೆ ಅಪಘಾತ’ ಎಂದು ಬರೆಸಿದ ದಾಖಲೆ, ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲು: ಇವು ಒಂದು ಚೀಲದಲ್ಲಿ ಜೋಪಾನವಾಗಿರಬೇಕು. ವಿಕಲತೆಯ ಪ್ರಮಾಣಪತ್ರವೊಂದೇ ಸಾಲದು, ಚಿಕಿತ್ಸೆ ಕೊಟ್ಟ ವೈದ್ಯರು ಸಾಕ್ಷಿ ನುಡಿದರೆ ಅದಕ್ಕೆ ಬಲ. ಕೇಳಿದವರಿಗೆಲ್ಲ ಸಿದ್ಧ ಪ್ರಮಾಣಪತ್ರ ಕೊಡುವ ವೈದ್ಯರ ಬಗ್ಗೆ 2010ರ ಅದೇ ತೀರ್ಪು ನ್ಯಾಯಮಂಡಳಿಗಳನ್ನು ಎಚ್ಚರಿಸಿದೆ.

ಇನ್ನು ಅವಧಿ. ಅದರ ಕತೆಯೇ ವಿಚಿತ್ರ. 1956ರಲ್ಲಿ 60 ದಿನ, 1969ರಲ್ಲಿ ಆರು ತಿಂಗಳು. 1994ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಮತ್ತೆ ಆರು ತಿಂಗಳ ಗಡುವು ತಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಆದರೂ ಆ ತೀರ್ಪನ್ನು ನೆಚ್ಚಿ ಕೂರದೆ ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಜಾಣತನ.

ಗುಳೆ ಹೋಗುವ ನಮ್ಮವರಿಗೆ ಇನ್ನೊಂದು ಮಾತು. ಬೆಂಗಳೂರಿನಲ್ಲೋ ಗೋವಾದಲ್ಲೋ ಗಾಯವಾದರೆ ಅಲ್ಲೇ ಕೋರ್ಟು ಅಲೆಯಬೇಕಿಲ್ಲ. ಗಾಯಾಳು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದೆಂದು ಕಾಯಿದೆಯೇ ಹೇಳುತ್ತದೆ. ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಧಾರವಾಡ ಪೀಠವಿದೆ.

ವೀರಗಲ್ಲುಗಳ ಮುಂದೆ ನಿಂತಾಗ ನಾನು ಕತ್ತಿ ಹಿಡಿದವನಿಗಿಂತ ಹೆಚ್ಚಾಗಿ ಅವನ ಹಿಂದೆ ಉಳಿದವರನ್ನು ನೆನೆಯುತ್ತೇನೆ. ಅವರ ಪಾಲಿಗೆ ಬಂದದ್ದನ್ನು ಯಾರೋ ಕಲ್ಲಿನಲ್ಲಿ ಬರೆಸಿದ್ದರಿಂದಲೇ ಅದು ನಮಗೆ ತಿಳಿದಿದೆ. ಇಂದಿನ ಗಾಯಾಳುವಿನ ಶಾಸನ ಆ ಪ್ಲಾಸ್ಟಿಕ್ ಚೀಲದಲ್ಲಿದೆ. ಅದನ್ನು ಬರೆಸಬೇಕಾದವರು, ಕಾಯಬೇಕಾದವರು ಮನೆಯವರೇ.